ಯುರೇನಿಯಂ ಹರಳು: ಕಾಸುವುದು ಬೇರೆ, ಒತ್ತುವುದು ಬೇರೆ

ಪ್ರಶ್ನೆ: ಸರ್, ನಾನು ಗದಗದಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಸೆಮಿನಾರಿಗೆ ಯುರೇನಿಯಂ ಸಂಯುಕ್ತಗಳ ಹರಳು ರಚನೆ ಅಂತ ವಿಷಯ ಸಿಕ್ಕಿದೆ. ಒಂದೇ ವಸ್ತು ಬಿಸಿಯಲ್ಲಿ ಒಂದು ರಚನೆ, ಒತ್ತಡದಲ್ಲಿ ಇನ್ನೊಂದು ರಚನೆ ತಾಳುತ್ತದೆ ಎಂದು ಓದಿದೆ. ಆದರೆ ಕಾಸಿದರೆ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ. ಅಂದರೆ ಇವೆರಡೂ ಒಂದಕ್ಕೊಂದು ಉಲ್ಟಾ ಅಷ್ಟೇ ಅಲ್ವಾ? ಎರಡನ್ನೂ ಒಟ್ಟಿಗೆ ಕೊಟ್ಟರೆ ಏನೂ ಆಗಬಾರದಲ್ವಾ? ಮತ್ತೆ, ಕೈಗಾ ಸ್ಥಾವರದ ಇಂಧನದೊಳಗೂ ಇದೆಲ್ಲ ನಡೆಯುತ್ತದೆಯೇ?

ಉತ್ತರ: ಬರೀ ಉಲ್ಟಾ ಅಲ್ಲ, ತಂಗಿ. ಹಿಗ್ಗುವುದು, ಕುಗ್ಗುವುದು ಒಂದು ಮಟ್ಟದವರೆಗೆ ಮಾತ್ರ. ಅದು ದಾಟಿದ ಮೇಲೆ ಪರಮಾಣುಗಳು ಕೂತ ಜಾಗ ಬಿಟ್ಟು ಬೇರೆ ಕಡೆ ಕೂರುತ್ತವೆ. ಆಗ ಬಿಸಿಗೆ ಬೇಕಾದದ್ದು ಒಂದು, ಒತ್ತಡಕ್ಕೆ ಬೇಕಾದದ್ದು ಇನ್ನೊಂದು. ಅಲುಗಾಡಲು ಸಡಿಲ ಎಲ್ಲಿದೆಯೋ ಆ ರಚನೆಯ ಕಡೆ ಬಿಸಿ ಎಳೆಯುತ್ತದೆ. ಜಾಗ ಎಲ್ಲಿ ಕಡಿಮೆ ಹಿಡಿಯುತ್ತದೋ ಆ ಕಡೆ ಒತ್ತಡ ದೂಡುತ್ತದೆ. ಎರಡೂ ಒಟ್ಟಿಗೆ ಸೇರಿದಾಗ ಒಂದನ್ನೊಂದು ಹೊಡೆದುಹಾಕುವ ಬದಲು, ಬಹಳ ಸಲ ಒಂದಕ್ಕೊಂದು ಸಹಾಯ ಮಾಡುತ್ತವೆ. ಇದು ಹೇಗೆ ಅನ್ನುವುದಕ್ಕೆ ನಾನೇ ಕಣ್ಣಾರೆ ಕಂಡ ಒಂದು ಸಂಗತಿಯಿಂದ ಶುರು ಮಾಡುತ್ತೇನೆ.

ಸಂಶೋಧನೆಯ ದಿನಗಳಲ್ಲಿ ಒಮ್ಮೆ ಯುರೇನಿಯಂ ಡೈಆಕ್ಸೈಡಿನ ಒಂದು ಪುಟ್ಟ ಬಿಲ್ಲೆಯನ್ನು ಪಿಂಗಾಣಿ ಬೋಟಿನಲ್ಲಿ (ದೋಣಿಯಾಕಾರದ ಪುಟ್ಟ ತಟ್ಟೆ) ಇಟ್ಟು ಕುಲುಮೆಗೆ ಹಾಕಿದ್ದೆ. ಕಂದು ಬಣ್ಣ, ಒಳ್ಳೆ ಗಟ್ಟಿ ಬಿಲ್ಲೆ. ಉಗುರಿನಿಂದ ಕೆರೆದರೆ ಗೆರೆ ಕೂಡ ಬೀಳುತ್ತಿರಲಿಲ್ಲ. 450 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಗಾಳಿಯಾಡಲು ಬಿಟ್ಟು, ಮನೆಗೆ ಹೋದೆ. ಬೆಳಿಗ್ಗೆ ಬಂದು ಬಾಗಿಲು ತೆಗೆದರೆ ಬಿಲ್ಲೆಯೇ ಇಲ್ಲ. ಬೋಟಿನ ಅಂಚು ದಾಟಿ ಚೆಲ್ಲಿದ ಕಪ್ಪು ಪುಡಿ! ಕಳ್ಳತನವಾಗಿರಲಿಲ್ಲ, ತೂಕ ನೋಡಿದರೆ ಮೊದಲಿಗಿಂತ ಜಾಸ್ತಿಯೇ ಇತ್ತು. ಬಿಲ್ಲೆ ಗಾಳಿಯ ಆಕ್ಸಿಜನ್ ಕುಡಿದು ಯು3ಓ8 ಆಗಿತ್ತು. ಮೂರು ಯುರೇನಿಯಂಗೆ ಎಂಟು ಆಕ್ಸಿಜನ್. ಈ ಬದಲಾವಣೆಯಲ್ಲಿ ತೂಕ ಏರುವುದು ನೂರಕ್ಕೆ 4ರಷ್ಟು ಮಾತ್ರ. ಗಾತ್ರ ಏರುವುದು ನೂರಕ್ಕೆ 36. ಅಷ್ಟು ಉಬ್ಬಿದ ಮೇಲೆ ಬಿಲ್ಲೆ ಪುಡಿಯಾಗದೆ ಇನ್ನೇನು ಮಾಡೀತು?

ಸ್ವಲ್ಪ ಆಕ್ಸಿಜನ್ ಒಳಗೆ ಬಂದದ್ದಕ್ಕೆ ಇಷ್ಟು ಉಬ್ಬುವುದೇಕೆ? ಅದಕ್ಕೆ ಮೊದಲಿನ ರಚನೆ ನೋಡಬೇಕು. ನಿಮ್ಮ ಪಠ್ಯದಲ್ಲಿರುವ ಫ್ಲೋರೈಟ್ ರಚನೆಯನ್ನು ಹೀಗೆ ಕಲ್ಪಿಸಿಕೊಳ್ಳಿ. ಒಂದರ ಪಕ್ಕ ಒಂದು, ಒಂದರ ಮೇಲೊಂದು ಜೋಡಿಸಿದ ಚೌಕ ಡಬ್ಬಿಗಳು. ಪ್ರತಿ ಡಬ್ಬಿಯ ಎಂಟು ಮೂಲೆಗೂ ಒಂದೊಂದು ಆಕ್ಸಿಜನ್. ಡಬ್ಬಿಯ ನಟ್ಟನಡುವೆ ಒಂದು ಯುರೇನಿಯಂ. ಆದರೆ ಎಲ್ಲ ಡಬ್ಬಿಯೂ ತುಂಬಿಲ್ಲ, ಚದುರಂಗದ ಹಾಸಿನ ಹಾಗೆ ಒಂದು ಬಿಟ್ಟು ಒಂದು ಖಾಲಿ. ಈ ಖಾಲಿ ಡಬ್ಬಿಗಳೇ ಮುಂದಿನ ಕಥೆಗೆಲ್ಲ ಕಾರಣ. ಹರಳಿನ ಘಟಕದ ಅಂಚು 5.47 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು), ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ 10.97 ಗ್ರಾಂ.

ಹೊರಗಿನಿಂದ ಬಂದ ಆಕ್ಸಿಜನ್ ಮೊದಲು ಈ ಖಾಲಿ ಜಾಗಗಳಿಗೇ ನುಗ್ಗುತ್ತದೆ. ಇಲ್ಲೊಂದು ಮಜಾ ಇದೆ. ಒಳಗೆ ಇನ್ನಷ್ಟು ಸರಕು ತುಂಬಿದರೂ ಹರಳು ಹಿಗ್ಗುವುದಿಲ್ಲ, ಕೂದಲೆಳೆಯಷ್ಟು ಕುಗ್ಗುತ್ತದೆ. ಯಾಕೆಂದರೆ ಆಕ್ಸಿಜನ್‌ಗೆ ಎಲೆಕ್ಟ್ರಾನ್ ಕೊಟ್ಟ ಯುರೇನಿಯಂ ಸಣ್ಣದಾಗುತ್ತದೆ. ಯು4ಓ9 ಆಗುವ ಹೊತ್ತಿಗೆ ಸಾಂದ್ರತೆ 11.3ಕ್ಕೆ ಏರಿರುತ್ತದೆ. ಅಲ್ಲಿಯವರೆಗೆ ಡಬ್ಬಿಗಳ ಜೋಡಣೆ ಹೇಗೋ ತಡೆದುಕೊಳ್ಳುತ್ತದೆ. ಇನ್ನೂ ಆಕ್ಸಿಜನ್ ಬಂದರೆ ತಡೆಯುವುದಿಲ್ಲ. ಇಡೀ ಕಟ್ಟಡ ಬಿಚ್ಚಿಕೊಂಡು ಹಾಳೆ ಹಾಳೆಯಾಗುತ್ತದೆ. ಯು3ಓ8 ಅಂದರೆ ಅದೇ: ಒಂದರ ಮೇಲೊಂದು ಪೇರಿಸಿದ ಹಾಳೆಗಳು, ನಡುವೆ ಧಾರಾಳ ಸಡಿಲ. ಸಾಂದ್ರತೆ 8.4ರ ಆಸುಪಾಸಿಗೆ ಇಳಿಯುತ್ತದೆ.

ಇನ್ನು ಇದನ್ನು ಒತ್ತಿ ನೋಡೋಣ.

ಒತ್ತಡದ ಅಳತೆ ಮೊದಲು ತಲೆಯಲ್ಲಿ ಕೂರಲಿ. ಒಂದು ಗಿಗಾಪ್ಯಾಸ್ಕಲ್ ಅಂದರೆ ನಮ್ಮ ಗಾಳಿಯ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು. ಹತ್ತು ಟನ್ ಭಾರವನ್ನು ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಇಟ್ಟ ಹಾಗೆ. ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿರುವುದು ಎರಡು ಪಟ್ಟು ಅಷ್ಟೇ.

2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಯು3ಓ8 ಅನ್ನು ವಜ್ರಗಳ ನಡುವೆ ಇಟ್ಟು ಒತ್ತಿದರು. 8.1 ಗಿಗಾಪ್ಯಾಸ್ಕಲ್ ದಾಟಿದ ಮೇಲೆ ಹಾಳೆಗಳೆಲ್ಲ ಕುಸಿದು ಮತ್ತೆ ಫ್ಲೋರೈಟ್ ಮಾದರಿಯ ರಚನೆ ಬಂತು. ಅದೇ ಹಳೆಯ ಚೌಕ ಡಬ್ಬಿಗಳು, ಈ ಸಲ ಹೆಚ್ಚಿನ ಆಕ್ಸಿಜನ್ನನ್ನೂ ಒಳಗಿಟ್ಟುಕೊಂಡು. ಒತ್ತಡ ತೆಗೆದ ಮೇಲೂ ಅದು ಹಾಗೇ ಉಳಿಯಿತು. ಮೊದಲಿನ ಯು3ಓ8ಗಿಂತ ನೂರಕ್ಕೆ 28ರಷ್ಟು ಹೆಚ್ಚು ಸಾಂದ್ರ.

ಇದನ್ನು ಒಂದು ಲೆಕ್ಕದಲ್ಲಿ ನೋಡಿ, ಸೆಮಿನಾರಿಗೂ ಬರುತ್ತದೆ. ಒಂದು ಮೋಲ್ ಯುರೇನಿಯಂ ಎಷ್ಟು ಜಾಗ ಹಿಡಿಯುತ್ತದೆ? ಡೈಆಕ್ಸೈಡಿನಲ್ಲಿ 24.6 ಘನ ಸೆಂಟಿಮೀಟರ್. ಗಾಳಿಯಲ್ಲಿ ಕಾಸಿ ಯು3ಓ8 ಮಾಡಿದಾಗ 33.5. ಅದನ್ನು ಒತ್ತಿ ಫ್ಲೋರೈಟ್ ಮಾದರಿಗೆ ತಂದಾಗ ಸುಮಾರು 26. ಕಾಸಿದಾಗ ಬಿಚ್ಚಿಕೊಂಡದ್ದನ್ನು ಒತ್ತಡ ಹೆಚ್ಚುಕಮ್ಮಿ ಮೊದಲಿನ ಅಳತೆಗೇ ಮಡಚಿಟ್ಟಿತು. ಆದರೆ ಗಮನಿಸಿ, ವಸ್ತು ಮೊದಲಿನದಲ್ಲ. ಒಳಗೆ ಬಂದ ಆಕ್ಸಿಜನ್ ಒಳಗೇ ಇದೆ. ಕಾಸುವಾಗ ಬದಲಾದದ್ದು ರಸಾಯನ, ಒತ್ತುವಾಗ ಬದಲಾದದ್ದು ಜೋಡಣೆ. 'ಉಲ್ಟಾ' ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಪ್ರತಿ ರಚನೆಗೂ ಅಂಗಡಿಯ ಖಾತೆ ಪುಸ್ತಕದ ಹಾಗೆ ಒಂದು ಲೆಕ್ಕ ಇರುತ್ತದೆ. ನೀವು ಗಿಬ್ಸ್ ಶಕ್ತಿ ಅಂತ ಓದಿರುವುದು ಅದನ್ನೇ. ಯಾವ ರಚನೆಯ ಖರ್ಚು ಕಡಿಮೆಯೋ ಅದು ಗೆಲ್ಲುತ್ತದೆ. ಒತ್ತಡ ಬಂದರೆ ಪ್ರತಿ ರಚನೆಗೂ ಅದು ಹಿಡಿದ ಜಾಗಕ್ಕೆ ಬಾಡಿಗೆ ಬೀಳುತ್ತದೆ. ದರ ನೆನಪಿಡಲು ಸುಲಭ: ಒಂದು ಗಿಗಾಪ್ಯಾಸ್ಕಲ್‌ನಲ್ಲಿ ಒಂದು ಘನ ಸೆಂಟಿಮೀಟರಿಗೆ ಒಂದು ಕಿಲೋಜೂಲ್. ಒಂದು ಮೋಲ್ ಯು3ಓ8ನಲ್ಲಿ ಹಾಳೆ ರಚನೆಗೂ ಫ್ಲೋರೈಟ್ ಮಾದರಿಗೂ ಇರುವ ಅಂತರ ಸುಮಾರು 22 ಘನ ಸೆಂಟಿಮೀಟರ್. ಎಂಟು ಗಿಗಾಪ್ಯಾಸ್ಕಲ್‌ನಲ್ಲಿ ಬಾಡಿಗೆಯ ವ್ಯತ್ಯಾಸವೇ 170 ಕಿಲೋಜೂಲ್ ದಾಟಿತು. ಒತ್ತುವಾಗ ಎರಡೂ ಕುಗ್ಗುವುದರಿಂದ ನಿಜವಾದ ಅಂಕಿ ಸ್ವಲ್ಪ ಕಡಿಮೆ, ಇದು ಅಂದಾಜು. ಈಗ ಬಿಸಿಯ ಖಾತೆ ನೋಡಿ. ಬರೀ ಯುರೇನಿಯಂ ಲೋಹ 668 ಡಿಗ್ರಿಯಲ್ಲಿ ಆಲ್ಫಾದಿಂದ ಬೀಟಾ ರಚನೆಗೆ ಹಾರುವಾಗ ತಗಲುವ ಶಾಖ ಮೋಲ್‌ಗೆ ಮೂರು ಕಿಲೋಜೂಲ್ ಆಸುಪಾಸು. ಎಲ್ಲಿಯ ಮೂರು, ಎಲ್ಲಿಯ ನೂರ ಎಪ್ಪತ್ತು!

ಹಾಗಾದರೆ ಒತ್ತಡವೊಂದೇ ಸಾಕಲ್ಲ, ಬಿಸಿ ಯಾಕೆ? ಇಲ್ಲಿದೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ. ಕಡಿಮೆ ಖರ್ಚಿನ ಮನೆ ಪಕ್ಕದ ಓಣಿಯಲ್ಲೇ ಇದ್ದರೂ, ಸಾಮಾನು ಎತ್ತಿಕೊಂಡು ಹೋಗಲು ಕಾಲಿನಲ್ಲಿ ಶಕ್ತಿ ಬೇಕು. ತಣ್ಣಗಿದ್ದ ಹರಳಿನಲ್ಲಿ ಪರಮಾಣುಗಳಿಗೆ ಆ ಶಕ್ತಿ ಇಲ್ಲ. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಒತ್ತಡ ತೀರ್ಮಾನಿಸಿರುತ್ತದೆ, ಹೋಗಲು ಕಾಲು ಕೊಡುವುದು ಬಿಸಿ. ಗ್ರಾಫೈಟಿನಿಂದ ವಜ್ರ ಮಾಡುವ ಕಾರ್ಖಾನೆಯಲ್ಲಿ 5 ಗಿಗಾಪ್ಯಾಸ್ಕಲ್ ಒತ್ತಡದ ಜೊತೆಗೆ 1400 ಡಿಗ್ರಿ ಆಸುಪಾಸಿನ ಬಿಸಿಯನ್ನೂ, ಕರಗಿದ ಲೋಹವನ್ನೂ ಕೊಡುವುದು ಇದಕ್ಕೇ. ಯುರೇನಿಯಂನಲ್ಲೂ ಹೀಗೇ ಮಾಡುತ್ತಾರೆ. ಯುರೇನಿಯಂ ಟ್ರೈಆಕ್ಸೈಡಿಗೆ ಆಲ್ಫಾ, ಬೀಟಾ, ಗಾಮಾ ಎಂದು ಹಲವು ಅವತಾರಗಳಿವೆ. ಅವುಗಳಲ್ಲಿ ಈಟಾ ಅನ್ನುವುದು 3 ಗಿಗಾಪ್ಯಾಸ್ಕಲ್ ಒತ್ತಡದಲ್ಲಿ 1100 ಡಿಗ್ರಿಗೆ ಕಾಸಿದಾಗ ಸಿಕ್ಕದ್ದು. ಅದರ ರಚನೆ 1966ರಲ್ಲೇ ಪ್ರಕಟವಾಗಿದೆ. ಇದೇ ಟ್ರೈಆಕ್ಸೈಡನ್ನು ಒತ್ತಡವಿಲ್ಲದೆ ಸುಮ್ನೆ ಗಾಳಿಯಲ್ಲಿ ಅಷ್ಟು ಕಾಸಿದರೆ ಆಕ್ಸಿಜನ್ ಬಿಟ್ಟುಕೊಟ್ಟು ಯು3ಓ8 ಆಗಿಬಿಡುತ್ತದೆ. ಒತ್ತಡ ಅದನ್ನು ಹಿಡಿದಿಟ್ಟಿತು, ಬಿಸಿ ಹೊಸ ಜೋಡಣೆಗೆ ದಾರಿ ಮಾಡಿಕೊಟ್ಟಿತು.

ಆಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಒತ್ತಡ ಬಿಟ್ಟ ಮೇಲೆ? ನಮ್ಮ ಕಡೆ ಹತ್ತಿ ಜಿನ್ ನೋಡಿದವರಿಗೆ ಇದು ಗೊತ್ತು. ಕೋಣೆ ತುಂಬುವಷ್ಟು ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ 170 ಕಿಲೋ ಬೇಲ್ ಮಾಡಿ ಪಟ್ಟಿ ಬಿಗಿಯುತ್ತಾರೆ. ಪಟ್ಟಿ ಕತ್ತರಿಸಿದರೆ ಭುಸ್ ಎಂದು ಮತ್ತೆ ಉಬ್ಬುತ್ತದೆ. ಕೆಲವು ಹರಳುಗಳು ಹಾಗೆ. ಇನ್ನು ಕೆಲವು ವಜ್ರದ ಹಾಗೆ, ಒತ್ತಡ ಹೋದರೂ ಕದಲುವುದಿಲ್ಲ. ವಾಪಸು ಹೋಗಲೂ ಕಾಲು ಬೇಕಲ್ಲ? ಅದಕ್ಕೇ ಪ್ರಯೋಗದಲ್ಲಿ ಮೊದಲು ತಣ್ಣಗೆ ಮಾಡಿ, ಆಮೇಲೆ ಒತ್ತಡ ಇಳಿಸುತ್ತಾರೆ. ಕ್ರಮ ತಪ್ಪಿದರೆ ವಾರದ ಕೆಲಸ ನೀರುಪಾಲು.

ಒತ್ತಡದ ಹೆಸರಿನಲ್ಲಿ ನಡೆಯುವ ಒಂದು ಗೊಂದಲವನ್ನು ಇಲ್ಲೇ ಬಗೆಹರಿಸಿಬಿಡುತ್ತೇನೆ. ಕೆಲವು ವಿದ್ಯಾರ್ಥಿಗಳು 'ನಾವೂ ಅಧಿಕ ಒತ್ತಡದಲ್ಲಿ ಹರಳು ಬೆಳೆಸಿದ್ದೇವೆ' ಎಂದು ಆಟೋಕ್ಲೇವ್ ತೋರಿಸುತ್ತಾರೆ. ಟೆಫ್ಲಾನ್ ಬಟ್ಟಲು, ಅದರ ಮೇಲೆ ಉಕ್ಕಿನ ಕವಚ, ತಿರುಪಿನ ಮುಚ್ಚಳ. ಲ್ಯಾಬಿನಲ್ಲಿ ಅದನ್ನು 'ಬಾಂಬ್' ಅಂತಲೇ ಕರೆಯುವುದು. 'ಇವತ್ತು ಎರಡು ಬಾಂಬ್ ಇಟ್ಟು ಬಂದಿದ್ದೇನೆ' ಎಂದು ನಾನು ಧಾರವಾಡದ ಬಸ್ಸಿನಲ್ಲಿ ಫೋನಿನಲ್ಲಿ ಹೇಳಿ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದದ್ದಿದೆ. ಅದರೊಳಗೆ ಯುರೇನೈಲ್ ನೈಟ್ರೇಟ್, ಬೋರಿಕ್ ಆಮ್ಲ, ನೀರು ಹಾಕಿ 200 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ ಅದೃಷ್ಟವಿದ್ದಾಗ ನಿಂಬೆಹಣ್ಣಿನ ಬಣ್ಣದ ಸಣ್ಣ ಹರಳುಗಳು ಸಿಗುತ್ತವೆ. ಅತಿನೇರಳೆ ದೀಪ ಹಿಡಿದರೆ ಗಿಣಿಹಸಿರಾಗಿ ಹೊಳೆಯುತ್ತವೆ. ಬಹಳ ಚೆಂದ. ಆದರೆ 200 ಡಿಗ್ರಿಯಲ್ಲಿ ನೀರಾವಿಯ ಒತ್ತಡ ಹದಿನೈದು ಹದಿನಾರು ವಾತಾವರಣದಷ್ಟು. ಗಿಗಾಪ್ಯಾಸ್ಕಲ್ ಲೆಕ್ಕದಲ್ಲಿ 0.0016. ಪರಮಾಣುಗಳನ್ನು ಹಿಂಡಲು ಇದು ಏನೇನೂ ಸಾಲದು. ಇಲ್ಲಿ ಒತ್ತಡ ಮಾಡುವ ಕೆಲಸ ಇಷ್ಟೇ: ಇನ್ನೂರು ಡಿಗ್ರಿಯಲ್ಲೂ ನೀರನ್ನು ನೀರಾಗಿಯೇ ಇಡುವುದು. ಆ ಬಿಸಿನೀರು ಕರಗದ್ದನ್ನೆಲ್ಲ ಕರಗಿಸಿ ನಿಧಾನಕ್ಕೆ ಹರಳು ಕಟ್ಟುತ್ತದೆ.

ಹಾಗಂತ ಬಾಂಬನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಸಲ ನನ್ನ ಓವನ್ನಿನ ಥರ್ಮೋಸ್ಟಾಟ್ ಸುಳ್ಳು ಹೇಳುತ್ತಿತ್ತು. ತೋರಿಸಿದ್ದಕ್ಕಿಂತ ಮೂವತ್ತು ಡಿಗ್ರಿ ಜಾಸ್ತಿ ಬಿಸಿ. ರಿಪೇರಿಗೆ ಬಂದವರು 'ಎಲ್ಲ ಸರಿ ಇದೆ ಸರ್' ಎಂದು ಸಹಿ ಹಾಕಿಸಿಕೊಂಡು ಹೋಗಿದ್ದರು. ನನ್ನದೂ ತಪ್ಪಿತ್ತು, ಬಟ್ಟಲಿನ ಮುಕ್ಕಾಲಿಗಿಂತ ಹೆಚ್ಚೇ ತುಂಬಿದ್ದೆ. ನೀರು ಬಿಸಿಯಾದಂತೆ ಹಿಗ್ಗುತ್ತದೆ. ಮೇಲೆ ಬಿಟ್ಟ ಖಾಲಿ ಜಾಗ ತುಂಬಿ ಬಂದಾಗ ಆವಿಯ ಲೆಕ್ಕ ಮುಗಿಯಿತು. ಆಮೇಲೆ ಒತ್ತಡ ಏರುವ ಪರಿಯೇ ಬೇರೆ. ಮುಚ್ಚಳದ ಸಂದಿಯಿಂದ ಹಳದಿ ನೀರು ಸೋರಿ ಓವನ್ ತಳವೆಲ್ಲ ಬಣ್ಣ. ಯುರೇನಿಯಂ ಆದ್ದರಿಂದ ಒರೆಸಿದ ಪ್ರತಿ ಕಾಗದಕ್ಕೂ ಲೆಕ್ಕ ಕೊಡಬೇಕು. ಆ ವಾರವಿಡೀ ನಾನು ಮಾಡಿದ ವಿಜ್ಞಾನ ಅದೊಂದೇ.

ಆ ಹಳದಿ ಹರಳಿನಲ್ಲೇ ಯುರೇನಿಯಂನ ನಿಜವಾದ ಸ್ವಭಾವ ಅಡಗಿದೆ. ಆರು ಎಲೆಕ್ಟ್ರಾನ್ ಕಳೆದುಕೊಂಡ ಯುರೇನಿಯಂ ಒಂಟಿಯಾಗಿರುವುದು ಅಪರೂಪ. ಎರಡು ಆಕ್ಸಿಜನ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಬಿಗಿಯಾಗಿ ಹಿಡಿದು ನೆಟ್ಟಗೆ ನಿಲ್ಲುತ್ತದೆ. ಇದೇ ಯುರೇನೈಲ್. ಆ ಬಂಧದ ಉದ್ದ ಸುಮಾರು 1.8 ಆಂಗ್‌ಸ್ಟ್ರಾಮ್. ಸೊಂಟದ ಸುತ್ತ ಇನ್ನೂ ನಾಲ್ಕು, ಐದು ಅಥವಾ ಆರು ಪರಮಾಣುಗಳು ಬರುತ್ತವೆ, ಅವು 2.2ರಿಂದ 2.5ರಷ್ಟು ದೂರ. ಚಕ್ಕಡಿಯ ಗಾಲಿ ನೆನಪಿಸಿಕೊಳ್ಳಿ. ನಡುವೆ ಉಕ್ಕಿನ ಅಚ್ಚು, ಸುತ್ತ ಕಟ್ಟಿಗೆಯ ಕಡ್ಡಿಗಳು. ಅಚ್ಚನ್ನು ಉದ್ದಕ್ಕೆ ಒತ್ತಿದರೆ ಜಗ್ಗುವುದಿಲ್ಲ. ಕಡ್ಡಿಗಳು ಮಾತ್ರ ಬಾಗುತ್ತವೆ, ಸರಿಯುತ್ತವೆ, ನಾಲ್ಕಿದ್ದದ್ದು ಐದಾಗುತ್ತದೆ. ಅದಕ್ಕೇ ಯುರೇನೈಲ್ ಸಂಯುಕ್ತಗಳನ್ನು ಒತ್ತಿದಾಗ ಮೊದಲು ಸೋಲುವುದು ಸೊಂಟದ ಸುತ್ತಲಿನ ಬಂಧಗಳು ಮತ್ತು ಹಾಳೆಗಳ ನಡುವಿನ ಸಂದಿ.

ಜೊತೆಗೆ ಬೋರಾನ್ ಇದ್ದರೆ ಆಟ ಇನ್ನೂ ರಂಗೇರುತ್ತದೆ. ಬೋರಾನ್‌ಗೆ ಎರಡು ರೂಢಿಗಳಿವೆ. ಮೂರು ಆಕ್ಸಿಜನ್ ಹಿಡಿದು ಚಪ್ಪಟೆ ತ್ರಿಕೋನವಾಗಿ ಕೂರಬಹುದು, ನಾಲ್ಕು ಹಿಡಿದು ಚತುರ್ಮುಖಿಯಾಗಿ ಕೂರಬಹುದು. ಒತ್ತಡ ಹೆಚ್ಚಿದಷ್ಟೂ ನಾಲ್ಕರ ಕಡೆ ವಾಲುತ್ತದೆ, ಬಿಸಿ ಹೆಚ್ಚಿದಷ್ಟೂ ಮೂರರ ಕಡೆ. ಚಪ್ಪಟೆ ತ್ರಿಕೋನಗಳಿಂದ ಹಾಳೆ ಕಟ್ಟುವುದು ಸುಲಭ, ಚತುರ್ಮುಖಿಗಳಿಂದ ಮೂರೂ ದಿಕ್ಕಿಗೆ ಹಬ್ಬುವ ಚೌಕಟ್ಟು ಸುಲಭ. ಹಾಗಾಗಿ ಅದೇ ಮೂರು ಸಾಮಗ್ರಿ ಹಾಕಿ, ಒತ್ತಡ ಮತ್ತು ಬಿಸಿಯನ್ನಷ್ಟೇ ಆಚೀಚೆ ಮಾಡಿದರೆ ಬೇರೆ ಬೇರೆ ಸಂಯುಕ್ತಗಳು ಸಿಗುತ್ತವೆ. ಜಾಗ ತೀರಾ ಇಕ್ಕಟ್ಟಾದಾಗ ಒಂದು ಯುರೇನೈಲ್‌ನ ತುದಿಯ ಆಕ್ಸಿಜನ್ ಪಕ್ಕದ ಯುರೇನೈಲ್‌ನ ಸೊಂಟಕ್ಕೆ ಕೈ ಹಾಕುವುದೂ ಉಂಟು. ಎರಡೂ ಧನ ಅಯಾನುಗಳು, ದೂರ ಇರಬೇಕಾದವು. ಇಕ್ಕಟ್ಟಿನಲ್ಲಿ ಮಡಿ ಮೈಲಿಗೆ ನೋಡುವವರು ಯಾರು?

ಲೋಹದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ವಿಷಯ ಸಂಯುಕ್ತಗಳು. ಆದರೂ ಒಂದು ಮಾತು. ಯುರೇನಿಯಂ ಲೋಹ 668 ಡಿಗ್ರಿಯವರೆಗೆ ಆಲ್ಫಾ, 775ರವರೆಗೆ ಬೀಟಾ, ಆಮೇಲೆ 1132 ಡಿಗ್ರಿಯಲ್ಲಿ ಕರಗುವವರೆಗೆ ಗಾಮಾ. ಆಲ್ಫಾ ಹರಳನ್ನು ಕಾಸಿದರೆ ಎರಡು ದಿಕ್ಕಿಗೆ ಹಿಗ್ಗಿ, ಮೂರನೆಯ ದಿಕ್ಕಿಗೆ ಕುಗ್ಗುತ್ತದೆ! 'ಕಾಸಿದರೆ ಹಿಗ್ಗುತ್ತದೆ' ಅನ್ನುವವರಿಗೆ ಇದನ್ನು ತೋರಿಸಬೇಕು. ಮತ್ತೆ ಮತ್ತೆ ಕಾಸಿ ಆರಿಸಿದರೆ ಲೋಹದ ಕಡ್ಡಿ ತಿರುಚಿಕೊಂಡು ಹಾಳಾಗುತ್ತದೆ. ಇಂದಿನ ವಿದ್ಯುತ್ ಸ್ಥಾವರಗಳಲ್ಲಿ ಹೆಚ್ಚಾಗಿ ಲೋಹದ ಬದಲು ಆಕ್ಸೈಡ್ ಬಳಸಲು ಇದೂ ಒಂದು ಕಾರಣ. ಒತ್ತಡಕ್ಕೆ ಮಾತ್ರ ಈ ಆಲ್ಫಾ ಬಲು ಹಟಮಾರಿ. ಕೋಣೆಯ ಉಷ್ಣತೆಯಲ್ಲಿ ನೂರು ಗಿಗಾಪ್ಯಾಸ್ಕಲ್‌ವರೆಗೆ ಒತ್ತಿದರೂ ರಚನೆ ಬಿಟ್ಟುಕೊಟ್ಟಿಲ್ಲ.

ಡೈಆಕ್ಸೈಡ್ ಅಷ್ಟು ಹಟ ಮಾಡುವುದಿಲ್ಲ. 42 ಗಿಗಾಪ್ಯಾಸ್ಕಲ್ ಸುಮಾರಿಗೆ ಚೌಕ ಡಬ್ಬಿ ಬಿಟ್ಟು ಕೊಟುನೈಟ್ ಎಂಬ ರಚನೆಗೆ ಹೊರಳುತ್ತದೆ. ಮೊದಲು ಯುರೇನಿಯಂ ಸುತ್ತ ಎಂಟು ಆಕ್ಸಿಜನ್ ಇದ್ದವು, ಈಗ ಒಂಬತ್ತು. ಭೂಮಿಯೊಳಗೆ ಸಾವಿರ ಕಿಲೋಮೀಟರ್ ಆಳಕ್ಕೂ ಕೆಳಗೆ ಇಷ್ಟು ಒತ್ತಡ ಇರುತ್ತದೆ. ಇದೇ ಡೈಆಕ್ಸೈಡನ್ನು ಒತ್ತದೆ ಬರೀ ಕಾಸಿದರೆ ಕಥೆ ಪೂರ್ತಿ ಬೇರೆ. ಸುಮಾರು 2400 ಡಿಗ್ರಿಯ ಹತ್ತಿರ ಯುರೇನಿಯಂಗಳು ತಮ್ಮ ಜಾಗದಲ್ಲೇ ಇರುತ್ತವೆ, ಆಕ್ಸಿಜನ್‌ಗಳು ಮಾತ್ರ ಡಬ್ಬಿಯಿಂದ ಡಬ್ಬಿಗೆ ತಿರುಗಾಡಲು ಶುರುಮಾಡುತ್ತವೆ. ಸಂಜೆ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ನೋಡಿ. ಗಿರಮಿಟ್ ಗಾಡಿ, ಮಿರ್ಚಿ ಗಾಡಿ ನಿಂತಲ್ಲೇ ನಿಂತಿರುತ್ತವೆ, ಜನ ಮಾತ್ರ ಒಂದರಿಂದ ಇನ್ನೊಂದಕ್ಕೆ ಸುಳಿದಾಡುತ್ತಿರುತ್ತಾರೆ. ಅರ್ಧ ಹರಳು ಕರಗಿದೆ, ಅರ್ಧ ಕರಗಿಲ್ಲ ಅನ್ನಬಹುದು. ಪೂರ್ತಿ ಕರಗಲು 2850 ಡಿಗ್ರಿಯಷ್ಟು ಬೇಕು. ಹೆಚ್ಚು ನೆರೆಹೊರೆ ಬೇಕು ಅನ್ನುವುದು ಒತ್ತಡದ ಹಟ, ತಿರುಗಾಟ ಬೇಕು ಅನ್ನುವುದು ಬಿಸಿಯ ಹಟ.

ಮಿಕ್ಕ ಸಂಯುಕ್ತಗಳಲ್ಲೂ ಈ ದಾರಿ ಕಾಣುತ್ತದೆ. ಯುರೇನಿಯಂ ಕಾರ್ಬೈಡ್ ಮತ್ತು ನೈಟ್ರೈಡ್ ಎರಡೂ ಅಡುಗೆ ಉಪ್ಪಿನ ರಚನೆಯವು, 30 ಗಿಗಾಪ್ಯಾಸ್ಕಲ್‌ಗೆ ಸ್ವಲ್ಪ ಈಚೆಗೆ ರಚನೆ ಬದಲಿಸುತ್ತವೆ. ಕಲ್ಪಾಕ್ಕಂನ ಪುಟ್ಟ ಫಾಸ್ಟ್ ಬ್ರೀಡರ್ ಪರೀಕ್ಷಾ ರಿಯಾಕ್ಟರಿನಲ್ಲಿ ಯುರೇನಿಯಂ, ಪ್ಲುಟೋನಿಯಂ ಬೆರೆತ ಕಾರ್ಬೈಡನ್ನೇ ಇಂಧನವಾಗಿ ಬಳಸಿದ್ದಾರೆ. ಯುರೇನಿಯಂ ಟೆಲ್ಲೂರೈಡ್ ಒಂದು, ಯುಟಿಇ2, ಅತಿವಾಹಕ (ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತು) ಎಂದು 2019ರಲ್ಲಿ ಸುದ್ದಿಯಾಯಿತು. ಅದು ಬರೀ 5 ಗಿಗಾಪ್ಯಾಸ್ಕಲ್ ಸುಮಾರಿಗೇ ಬೇರೆ ರಚನೆಗೆ ಹೊರಳುತ್ತದೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಬೇಕೆಂದರೆ ಯಾದಗಿರಿ ಜಿಲ್ಲೆಯ ಗೋಗಿ. ಅಲ್ಲಿನ ಅದಿರಿನಲ್ಲಿ ಡೈಆಕ್ಸೈಡಿನ ಬಂಧುವಾದ ಪಿಚ್‌ಬ್ಲೆಂಡ್ ಇದೆ, ಕಾಫಿನೈಟ್ ಎಂಬ ಯುರೇನಿಯಂ ಸಿಲಿಕೇಟೂ ಇದೆ. ಕಾಫಿನೈಟನ್ನು ಜೋರಾಗಿ ಕಾಸಿದರೆ ಒಡೆದು ಎರಡಾಗುತ್ತದೆ: ಯುರೇನಿಯಂ ಡೈಆಕ್ಸೈಡ್ ಒಂದು ಕಡೆ, ಸಿಲಿಕಾ ಒಂದು ಕಡೆ. ಕೋಣೆಯ ಉಷ್ಣತೆಯಲ್ಲೇ 15 ಗಿಗಾಪ್ಯಾಸ್ಕಲ್ ಆಸುಪಾಸು ಒತ್ತಿದರೆ ಒಡೆಯುವುದಿಲ್ಲ, ಜಿರ್ಕಾನ್ ಮಾದರಿಯಿಂದ ಷೀಲೈಟ್ ಮಾದರಿಗೆ ಮಗ್ಗಲು ಬದಲಿಸುತ್ತದೆ. ಒತ್ತಡ ಬಿಟ್ಟರೂ ಮರಳುವುದಿಲ್ಲ. ಬಿಸಿ ಮನೆ ಒಡೆಯಿತು, ಒತ್ತಡ ಒಡೆಯದೆ ಇಕ್ಕಟ್ಟು ಮಾಡಿತು. ನನ್ನನ್ನು ಕೇಳಿದರೆ ನಿಮ್ಮ ಸೆಮಿನಾರಿಗೆ ಯು3ಓ8 ಬಿಟ್ಟರೆ ಇದೇ ಒಳ್ಳೆಯ ಉದಾಹರಣೆ.

ಇಷ್ಟು ಒತ್ತಡ ಕೊಡುವ ಯಂತ್ರ ಭಾರೀ ಇರಬೇಕು ಅಂದುಕೊಂಡಿರುತ್ತೀರಿ. ಅಂಗೈಯಲ್ಲಿ ಹಿಡಿಯುತ್ತದೆ. ಎದುರುಬದುರು ಎರಡು ವಜ್ರ, ತುದಿ 0.3 ಮಿಲಿಮೀಟರ್ ಅಗಲ. ನಡುವೆ ತೆಳುವಾದ ಲೋಹದ ತಗಡು, ಅದರಲ್ಲೊಂದು ತೂತು. ಆ ತೂತಿನಲ್ಲೇ ನಿಮ್ಮ ಸರ್ವಸ್ವ: ಮಾದರಿಯ ಒಂದು ಚೂರು, ಮಾಣಿಕ್ಯದ ಒಂದು ಕಣ, ಒಂದು ಹನಿ ಆಲ್ಕೋಹಾಲ್. ಪ್ರಖರ ಎಕ್ಸ್-ಕಿರಣ ಕೊಡುವ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್ ಯಂತ್ರಕ್ಕೆ ಹೋದಾಗ ಆ ಕಪ್ಪು ಚೂರನ್ನು ಸೂಜಿ ತುದಿಯಿಂದ ತೂತಿಗೆ ಇಳಿಸಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು. ಉಸಿರು ಬಿಟ್ಟರೆ ಹಾರಿಹೋಗುತ್ತಿತ್ತು. ಒತ್ತಡ ಕೊಡುವುದು ನಾಲ್ಕು ತಿರುಪುಗಳನ್ನು ಕೈಯಿಂದ ಚೂರುಚೂರೇ ತಿರುಗಿಸಿ. ಬಲ ಸಣ್ಣದೇ, ಅದು ಬೀಳುವ ಜಾಗ ಇನ್ನೂ ಸಣ್ಣದು, ಅಷ್ಟೇ ಗುಟ್ಟು. ಒತ್ತಡ ಎಷ್ಟಾಯಿತು ಎಂದು ಹೇಳುವುದು ಮಾಣಿಕ್ಯ. ಲೇಸರ್ ಬಿಟ್ಟರೆ ಅದು 694.2 ನ್ಯಾನೋಮೀಟರಿನಲ್ಲಿ ಕೆಂಪಗೆ ಹೊಳೆಯುತ್ತದೆ. ಒಂದು ಗಿಗಾಪ್ಯಾಸ್ಕಲ್ ಏರಿದರೆ ಆ ಗೆರೆ 0.36 ನ್ಯಾನೋಮೀಟರಿನಷ್ಟು ಸರಿಯುತ್ತದೆ. ವಜ್ರ ಪಾರದರ್ಶಕವಾದ್ದರಿಂದ ಎಕ್ಸ್-ಕಿರಣವೂ ಒಳಗೆ ಹೋಗುತ್ತದೆ, ಕಾಸಲು ಲೇಸರೂ ಹೋಗುತ್ತದೆ. ಹರಳಿನಿಂದ ಚದುರಿದ ಎಕ್ಸ್-ಕಿರಣ ಪರದೆಯ ಮೇಲೆ ಉಂಗುರಗಳಾಗಿ ಬೀಳುತ್ತದೆ, ರಚನೆ ಬದಲಾದರೆ ಉಂಗುರಗಳೂ ಬದಲಾಗುತ್ತವೆ. ಹಳೆಯ ಉಂಗುರಗಳು ಮಂಕಾಗಿ, ಅವುಗಳ ಪಕ್ಕದಲ್ಲೇ ಹೊಸ ಉಂಗುರವೊಂದು ಮೆಲ್ಲಗೆ ಮೂಡಿದಾಗ ರಾತ್ರಿ ಎರಡೂವರೆ. ಜೊತೆಗಿದ್ದವರನ್ನು ಎಬ್ಬಿಸಿ ತೋರಿಸಿದ್ದೆ.

ಈಗ ಕೈಗಾ. ಅಲ್ಲಿ ನಾಲ್ಕು ಘಟಕಗಳಿವೆ, ಒಂದೊಂದೂ 220 ಮೆಗಾವ್ಯಾಟ್. ಇಂಧನ ಅಂದರೆ ಇದೇ ಯುರೇನಿಯಂ ಡೈಆಕ್ಸೈಡಿನ ಬಿಲ್ಲೆಗಳು, ಜಿರ್ಕೋನಿಯಂ ಮಿಶ್ರಲೋಹದ ಕೊಳವೆಯೊಳಗೆ. ಸುತ್ತ ಹರಿಯುವ ಭಾರಜಲದ ಒತ್ತಡ ನೂರು ವಾತಾವರಣದ ಆಸುಪಾಸು. ದೊಡ್ಡದು ಅನ್ನಿಸಬಹುದು, ಆದರೆ ಅದು 0.01 ಗಿಗಾಪ್ಯಾಸ್ಕಲ್ ಮಾತ್ರ. ಕೊಟುನೈಟ್ ರಚನೆಗೆ ಬೇಕಾದದ್ದು ಇದರ ನಾಲ್ಕು ಸಾವಿರ ಪಟ್ಟು. ಹಾಗಾಗಿ ಒತ್ತಡದಿಂದ ಬಿಲ್ಲೆಯ ರಚನೆ ಬದಲಾಗುವ ಮಾತೇ ಇಲ್ಲ.

ಅಲ್ಲಿ ಕಾಟ ಕೊಡುವುದು ಬಿಸಿ. ಡೈಆಕ್ಸೈಡ್ ಶಾಖವನ್ನು ಬೇಗ ಸಾಗಿಸುವುದಿಲ್ಲ. ಬಿಲ್ಲೆಯ ನಡುವೆ ಸಾವಿರ ಡಿಗ್ರಿಗೂ ಮೀರಿ ಬಿಸಿ ಇದ್ದರೆ, ಅಂಚಿನಲ್ಲಿ ಕೆಲವು ನೂರು ಡಿಗ್ರಿ. ಬೆರಳಗಲದ ಬಿಲ್ಲೆಯಲ್ಲಿ ಇಷ್ಟು ಅಂತರ! ನಡುಭಾಗ ಹೆಚ್ಚು ಹಿಗ್ಗುತ್ತದೆ, ಅಂಚು ಅಷ್ಟು ಹಿಗ್ಗುವುದಿಲ್ಲ, ಬಿಲ್ಲೆ ಸೀಳು ಬಿಡುತ್ತದೆ. ಇದು ಗೊತ್ತಿದ್ದೇ ವಿನ್ಯಾಸ ಮಾಡಿರುತ್ತಾರೆ. ರಚನೆ ಮಾತ್ರ ಫ್ಲೋರೈಟ್ ಆಗಿಯೇ ಉಳಿಯುತ್ತದೆ. ಮೊದಲು ಹೇಳಿದ ಖಾಲಿ ಡಬ್ಬಿಗಳು ನೆನಪಿವೆಯಲ್ಲ? ವಿದಳನದಲ್ಲಿ, ಅಂದರೆ ಯುರೇನಿಯಂ ಪರಮಾಣು ಒಡೆದಾಗ, ಹುಟ್ಟುವ ಹೊಸ ಪರಮಾಣುಗಳಲ್ಲಿ ಹಲವನ್ನು ಈ ರಚನೆ ಒಳಗೇ ಜಾಗ ಮಾಡಿಕೊಟ್ಟು ಸುಧಾರಿಸಿಕೊಳ್ಳುತ್ತದೆ. ಹೆದರಬೇಕಾದ ಬದಲಾವಣೆ ನನ್ನ ಕುಲುಮೆಯಲ್ಲಿ ಆದದ್ದು. ಬಳಸಿದ ಇಂಧನವನ್ನು ಒಣಗಿಸಿ ಇಡುವಾಗ ಕೊಳವೆಯಲ್ಲಿ ತೂತಿದ್ದು, ಒಳಗೆ ಗಾಳಿ ಹೊಕ್ಕು, ಬಿಲ್ಲೆ ಕೆಲವು ನೂರು ಡಿಗ್ರಿ ಬಿಸಿಯಲ್ಲಿದ್ದರೆ ಅದು ಯು3ಓ8 ಆಗಿ ಉಬ್ಬಿ ಕೊಳವೆಯನ್ನೇ ಸೀಳಬಲ್ಲದು. ಅದಕ್ಕೇ ಅಲ್ಲಿ ಗಾಳಿ ಬಿಡದೆ ಜಡ ಅನಿಲ ತುಂಬುತ್ತಾರೆ, ಉಷ್ಣತೆಗೆ ಮಿತಿ ಹಾಕುತ್ತಾರೆ.

ಸೆಮಿನಾರಿಗೆ ಒಂದು ಎಚ್ಚರಿಕೆ. ಹಳೆಯ ಲೇಖನಗಳಲ್ಲಿ ಒತ್ತಡವನ್ನು ಕಿಲೋಬಾರಿನಲ್ಲಿ ಬರೆದಿರುತ್ತಾರೆ. ಹತ್ತು ಕಿಲೋಬಾರ್ ಸೇರಿದರೆ ಒಂದು ಗಿಗಾಪ್ಯಾಸ್ಕಲ್. ಈಟಾ ಟ್ರೈಆಕ್ಸೈಡಿಗೆ 30 ಎಂದು ಕಂಡರೆ ಅದು 3 ಗಿಗಾಪ್ಯಾಸ್ಕಲ್. ಒಮ್ಮೆ ನನ್ನದೇ ವಿದ್ಯಾರ್ಥಿ ಇದನ್ನು ಹಾಗೇ ಎತ್ತಿ ಬೋರ್ಡಿನ ಮೇಲೆ ಬರೆದು, ಎದುರು ಕೂತ ಪರೀಕ್ಷಕರು ಅರ್ಧ ಗಂಟೆ ಅದೊಂದನ್ನೇ ಕೇಳಿದ್ದರು. ಉಷ್ಣತೆಯದ್ದೂ ನೋಡಿಕೊಳ್ಳಿ, ಕೆಲ್ವಿನ್ ಯಾವುದು, ಸೆಲ್ಸಿಯಸ್ ಯಾವುದು ಅಂತ. ಆಕ್ಸಿಜನ್ ತಿರುಗಾಟ ಶುರುವಾಗುವ ಅಂಕಿ ನಿಮಗೆ 2670 ಎಂದು ಸಿಕ್ಕರೆ ಗಾಬರಿಯಾಗಬೇಡಿ, ಅದು ಕೆಲ್ವಿನ್.